ಸೊಂಟದ ಅಳತೆ

ಸಿಂದಿ ಅಂಗಡಿ ದಾರಿ ಯಾದಗಿರಿಯಾಗ
ಯಾರನ್ನ ಕೇಳಿದರೂ ಹೇಳ್ತಾರ.
ಕಣ್ಣು ಮಂಜಾದ ಮುದುಕಿಯೂ ಕೈ ಎತ್ತತಾಳ:
ಸ್ಟೇಷನ್ ದಾಟು, ಹುಣಸಿ ಗಿಡ, ಎಡಕ್ಕ.
ಕುಡಿಯೋದು ಬಿಡಸೋದು ಎಲ್ಲಿ ಅಂತ ಕೇಳಲಿಕ್ಕ
ನನಗ ಎರಡು ವರ್ಷ ಹಿಡೀತು.

ಆ ಎರಡು ವರ್ಷ ಮಷೀನಿನ ಮುಂದ ಕುಂತು
ತಮ್ಮನ ಪ್ಯಾಂಟಿನ ಸೊಂಟ ಹಿಡಕೋತ ಹೋದೆ.
ಮೂವತ್ತನಾಲ್ಕು. ಮೂವತ್ತೆರಡು. ಮೂವತ್ತು.
ಇಪ್ಪತ್ತೆಂಟಕ್ಕ ಬಂದಾಗ
ಹಿಂದಿನ ಎರಡೂ ಜೇಬು ಒಂದಕ್ಕೊಂದು ಮುಟ್ಟಿದವು.
ಹೊಲಿಗಿ ಗೊತ್ತಿಲ್ಲದವರಿಗೆ ಹೇಳತೀನಿ:
ಜೇಬು ಜೇಬಿಗೆ ಮುಟ್ಟಿದರ
ಇನ್ನ ಹಿಡೀಲಿಕ್ಕ ಅರಿವಿ ಇಲ್ಲ.

ಒಬ್ಬಾತ ಪುಡಿ ಕೊಟ್ಟ. ಎಂಟುನೂರು ರೂಪಾಯಿ.
ಅನ್ನದಾಗ ಕಲಸು, ಗೊತ್ತಾಗಬಾರದು ಅಂದ.
ಸಾಬಣ್ಣಗ ಗೊತ್ತಾತು. ತಾಟು ಅಂಗಳಕ್ಕ ಬಿತ್ತು.
ನಾಯಿ ತಿಂತು. ನಾಯಿಗೆ ಏನೂ ಆಗಲಿಲ್ಲ.

ಆಮ್ಯಾಲ ಆಣಿ, ಅವ್ವನ ತಲಿ ಮುಟ್ಟಿ.
ಆ ಆಣಿ ಮೂರು ದಿನ ಬದುಕಿತ್ತು.
ಮೂರನೇ ರಾತ್ರಿ ಗ್ವಾಡಿ ಮ್ಯಾಲಿನ ಇಲ್ಲದ ಇರುವಿಗಳನ್ನ
ಬೆಳತನಕ ಒರಸಿದ.
ದೆವ್ವ ಅಂದರು ಓಣಿಯವರು. ನಿಂಬಿಹಣ್ಣು ಕೊಯ್ದರು.
ನಾನೇ ಹೋಗಿ, ಸೆರಗಿನಾಗ ಮುಚ್ಚಿ,
ಒಂದು ಬಾಟಲಿ ತಂದು ಕೊಟ್ಟೆ. ಇರುವಿ ಹೋದವು.
ಇದನ್ನ ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಖೈರುನ್ನಿಸಾ ಕುರ್ತಾ ಹೊಲಸಲಿಕ್ಕ ಬಂದಿದ್ದಳು.
ತೋಳಿನ ಅಳತಿ ತಗೋವಾಗ ಟೇಪು ಎರಡು ಸಲ ಜಾರಿತು.
ಆಕಿ ನನ್ನ ಮಾರಿ ನೋಡದೇನೇ ಅಂದಳು:
"ನಮ್ಮ ಮನಿಯವರೂ."
ಅಷ್ಟೇ.
ನನ್ನ ಸೀಮೆಸುಣ್ಣ ತಗೊಂಡು
ಕರೀ ಅರಿವಿ ತುಂಡಿನ ಮ್ಯಾಲ ಬರದಳು:
ಸರಕಾರಿ ದವಾಖಾನಿ, ಹಳೇ ಕಟ್ಟಡ, ಹನ್ನೊಂದು, ಮಂಗಳವಾರ.

ಚೀಟಿ ಕೊಡೋನು ಜೋರಾಗಿ ಕೇಳಿದ, ಏನು ತ್ರಾಸ?
ಹೊಟ್ಟಿ ನೋವು ಅಂದೆ. ಎಕ್ಸರೇ ಸಾಲಿಗೆ ಹಚ್ಚಿದರು.
ಮುಷ್ಟಿ ಬಿಚ್ಚಿ ನೋಡಿದರ ಬೆವರಿಗೆ ಬರಹ ಅಳಿಸಿ
"ಹನ್ನೊ" ಅಂತಷ್ಟೇ ಉಳಿದಿತ್ತು.
ಕಸಾ ಹೊಡಿಯೋ ಮರೆಮ್ಮ ನನ್ನ ಅಂಗೈ ನೋಡಿ
ಕಸಬರಗಿ ಗ್ವಾಡಿಗೆ ಆನಿಸಿದಳು.
"ಕುಡಿಯೋರ ಕೋಣಿ ಹೌದಲ್ಲೋ? ನಡೀರಿ.
ಮೆಲ್ಲಗ ಕೇಳಿದರ ಇಲ್ಲಿ ಯಾರಿಗೂ ಕೇಳಸೋದಿಲ್ಲ."

ಎಸ್ತೇರಮ್ಮ ಸಿಸ್ಟರ್ ನನ್ನ ಏನೂ ಕೇಳಲಿಲ್ಲ.
ಅವನ್ನ ಕೇಳಿದಳು, "ನಿನ್ನೆ ಎಷ್ಟು?"
ಚಾಕ್ಕ ಸಕ್ಕರಿ ಎಷ್ಟು ಅಂದಂಗ.
ಸಾಬಣ್ಣ ಖರೇ ಹೇಳಿದ.
"ಪೌಡರ್ ಕಲಸಿದ ಸಿಂದಿ ಏನು?"
ಹೂಂ ಅಂದ. ಎರಡು ವರ್ಷದಾಗ ಇದನ್ನ
ಯಾರೂ ಕೇಳಿರಲಿಲ್ಲ. ನಾನೂ.
"ಒಮ್ಮಿಗೇ ಬಿಡಸಬ್ಯಾಡ್ರಿ ತಾಯಿ, ಜೀವಕ್ಕ ಬರ್ತದ.
ನಾವು ಮೆಲ್ಲಗ ಇಳಸ್ತೀವಿ."

ಹನ್ನೊಂದು ದಿನ ಹಾಸಗಿ. ಆಮ್ಯಾಲ ಪ್ರತಿ ಮಂಗಳವಾರ
ಬೇವಿನ ಗಿಡದ ಕೆಳಗ, ಒಬ್ಬ ಲೈನ್‌ಮನ್, ಒಬ್ಬ ಮಾಸ್ತರ,
ಒಬ್ಬ ಬ್ಯಾಂಡ್ ಬಾರಸೋನು, ಖೈರುನ್ನಿಸಾನ ಗಂಡ.
ಮಾತಿಗಿಂತ ಸುಮ್ಮನ ಕೂಡೋದೇ ಜಾಸ್ತಿ ಅಂತಿದ್ದ.

ನಲವತ್ತಮೂರನೇ ದಿನ ಯಾರದೋ ತೊಟ್ಟಿಲ ಕಾರ್ಯ.
ಕುಡದು ಬಂದ. ನಾ ಕತ್ತರಿ ಒಗದೆ, ಬಾಗಿಲಿಗೆ ಬಡೀತು.
ಮುಂಜಾನೆ ಅವನೇ ಚಪ್ಪಲಿ ಹಾಕ್ಕೊಂಡು ನಿಂತಿದ್ದ.
ಸಿಸ್ಟರ್ ಕಾರ್ಡು ಹರಿಯಲಿಲ್ಲ,
ಹಳೇ ತಾರೀಖಿನ ಕೆಳಗ ಹೊಸದು ಬರದಳು.
"ಆ ನಲವತ್ತಮೂರು ಎಲ್ಲೂ ಹೋಗಿಲ್ಲ, ಬಿಡ್ರಿ."

ನಿನ್ನೆ ಪ್ಯಾಂಟು ತಂದು ಮಷೀನಿನ ಮ್ಯಾಲ ಇಟ್ಟ.
ಬಿಗಿ ಆಗ್ಯಾದಂತ.
ಬ್ಲೇಡಿನಿಂದ ಹೊಲಿಗಿ ಬಿಚ್ಚಿದೆ.
ಒಳಗ ಬಿಸಲು ಕಾಣದ ನೀಲಿ,
ಅದರ ನಡುವ ಸೂಜಿ ತೂತಿನ ಸಾಲು, ಸಾಲಿನ ಹಿಂದ ಸಾಲು.
ನೀರು ಸಿಡಿಸಿ ಇಸ್ತ್ರಿ ತಿಕ್ಕಿದೆ. ತೂತು ಹೋಗಲಿಲ್ಲ.
ಬೆಲ್ಟು ಹಾಕಿದರ ಕಾಣೋದಿಲ್ಲ.

"ಎಷ್ಟಾತು ಅಕ್ಕಾ?" ಅಂದ ಬಾಗಿಲಾಗ ನಿಂತು.
ರೊಕ್ಕ ಕೇಳಿದನೋ, ಇಂಚೋ, ತಿಂಗಳೋ.
ಹಲ್ಲಿನಾಗ ದಾರ ಇತ್ತು.
ಒಂದೂವರಿ, ಅಂದೆ.