ಹದಿನಾಲ್ಕು ಅಡಿ

ಬಾ ಸೈಮಿ, ದೀಪದ ಹತ್ತಿರ ಕೂರು. ಕಾಫಿ ಆಮೇಲೆ.
ನಾಳೆ ನವೆಂಬರ್ ಹದಿನೈದು,
ಮಿಷಿಗನ್ನಿನ ಈ ಮೂಲೆಯಲ್ಲಿ ಊರಿಗೆ ಊರೇ
ಕಿತ್ತಳೆ ಕೋಟು ತೊಟ್ಟು ಕತ್ತಲಲ್ಲೇ ಕಾಡು ಸೇರುವ ದಿನ.
ಶಾಲೆಗೆ ರಜೆ, ಗ್ಯಾರೇಜಿಗೆ ರಜೆ,
ನಮ್ಮ ಪಾದ್ರಿಯೂ ಯಾವುದೋ ಮೇಪಲ್ ಮರದ ಮೇಲಿರುತ್ತಾನೆ.

ಈ ಪಟ್ಟಿಗಳನ್ನು ಕಣ್ಣಿಂದ ನೋಡಬೇಡ, ಬೆರಳಿಂದ ಓದು.
ಹೊಲಿಗೆ ಬಿಟ್ಟಿದೆಯೆ? ಅಳಿಲು ಕಡಿದಿದೆಯೆ?
ಬೇಸಿಗೆಯಿಡೀ ಮರಕ್ಕೇ ಬಿಟ್ಟ ಪಟ್ಟಿ
ತೊಗಟೆಯೊಳಗೆ ಹೂತಿರುತ್ತದೆ,
ದಪ್ಪಗಾದವಳ ಬೆರಳಲ್ಲಿ ಮದುವೆಯುಂಗುರದ ಹಾಗೆ.
ನೋಡಲು ಭದ್ರ. ಭಾರ ಬಿದ್ದರೆ ಬರೀ ದಾರ.

ನಿನ್ನಜ್ಜ ಮೂವತ್ತೊಂದು ವರ್ಷ ಹತ್ತಿದ, ಕಟ್ಟಿಕೊಳ್ಳದೆ.
ಹಗ್ಗ ಇರುವುದು ಹಸುವಿಗೆ, ಅನ್ನುತ್ತಿದ್ದ.
ಬಿದ್ದದ್ದು ಏಣಿಯಿಂದಲ್ಲ,
ಮೇಲೆ ಕೂತು ತೂಕಡಿಸಿಯೂ ಅಲ್ಲ.
ಏಣಿ ಮುಗಿದು ಹಲಗೆ ಇನ್ನೂ ಶುರುವಾಗದ
ಆ ಒಂದು ಹೆಜ್ಜೆಯಲ್ಲಿ.
ರಾತ್ರಿಯ ಇಬ್ಬನಿ ಹಲಗೆಯ ಮೇಲೆ ಗಾಜಾಗಿತ್ತು.
ಹದಿನಾಲ್ಕು ಅಡಿ. ನಮ್ಮ ಕೊಟ್ಟಿಗೆಯ ಸೂರಿಗಿಂತ ಕಡಿಮೆ.

ಒಂದು ನಿಯಮ ಮಾತ್ರ ಪಾಲಿಸಿದ್ದ ಉರ್ಹೊ:
ಕೋವಿಯ ಹೊಟ್ಟೆ ಖಾಲಿ ಮಾಡಿ, ಹಗ್ಗಕ್ಕೆ ಕಟ್ಟಿ,
ಮೇಲೇರಿದ ಮೇಲೆ ಎಳೆದುಕೊಳ್ಳಲೆಂದು ಬುಡದಲ್ಲಿಟ್ಟಿದ್ದ.
ಕೋವಿಗೆ ಹಗ್ಗವಿತ್ತು. ಅವನಿಗಿರಲಿಲ್ಲ.

ಬೆಳಕು ಹರಿದಾಗ ಬಂತಂತೆ
ಆರು ವರ್ಷದಿಂದ ಕಾದಿದ್ದ ಹತ್ತು ಕವಲಿನ ಗಂಡು.
ಕೋವಿ ಒಂದು ಮಾರು ದೂರ, ಕಾಲು ಇನ್ನೂ ದೂರ.
ಅದು ಅವನ ಟೋಪಿ ಮೂಸಿತು, ನಿಂತಿತು, ಹೋಯಿತು.
ಇಷ್ಟು ವರ್ಷಕ್ಕೆ ಅವನು ಹೇಳಿದ್ದು ಒಂದೇ ಮಾತು:
ಅದರ ಉಸಿರು ಬೆಚ್ಚಗಿತ್ತು, ಐಲಿ.

ಹೊರಡುವಾಗ ನನಗೆ ಹೇಳಿದ್ದು "ಹಳ್ಳದ ಕಡೆ" ಅಂತ.
ಈ ಕಾಡಲ್ಲಿ ಒಂಬತ್ತು ಹಳ್ಳ.
ಏಳನೆಯದರಲ್ಲಿ ಸಿಕ್ಕ, ಮಧ್ಯಾಹ್ನ ಎರಡಕ್ಕೆ,
ಹುಬ್ಬಿನ ಮೇಲೆ ಹಿಮ ಕೂತಿತ್ತು.
ಅದಕ್ಕೇ ಆ ಫ್ರಿಜ್ಜಿನ ಮೇಲೆ ಬರಿ: ಯಾವ ಹಳ್ಳ, ಯಾವ ಮರ,
ಎಷ್ಟು ಗಂಟೆಗೆ ಊಟಕ್ಕೆ ಬರುತ್ತೀ.
ಸೀಟಿ ಕೊರಳಲ್ಲಿರಲಿ, ಚೀಲದಲ್ಲಲ್ಲ.

ಏಳು. ಕೊಟ್ಟಿಗೆಯ ತೊಲೆಗೆ ನೇತಾಡಿ ತೋರಿಸು,
ನೆಲದಿಂದ ಒಂದೇ ಗೇಣು.
ನಗಬೇಡ. ನಾನೂ ನೇತಾಡಿದ್ದೇನೆ, ಎಪ್ಪತ್ತೊಂದರಲ್ಲಿ,
ಕೋಳಿಗಳೆಲ್ಲ ನೋಡುತ್ತಿದ್ದವು.
ಸ್ವಲ್ಪ ಹೊತ್ತಿಗೇ ತೊಡೆ ಮರಗಟ್ಟುತ್ತದೆ,
ಈ ಕುಣಿಕೆಗೆ ಕಾಲಿಟ್ಟು ನಿಂತುಕೋ,
ಮರದಲ್ಲಿ ಮರವಾಗಬೇಡ.

ನೋಡು, ಗಾಲಿಕುರ್ಚಿ ತಳ್ಳಿಕೊಂಡು ಬಂದ.
ಕರೆದಿರಲಿಲ್ಲ ನಾನು.
ಜೀವದ ಹಗ್ಗ ಹಿಡಿದು ಜಗ್ಗುತ್ತಾನೆ, ಗಂಟನ್ನು ಮೇಲೆ ಸರಿಸುತ್ತಾನೆ:
ತಲೆಗಿಂತ ಮೇಲೆ, ಹುಡುಗಿ. ಸಡಿಲ ಬಿಟ್ಟಷ್ಟೂ ಬೀಳುತ್ತೀ.
ನೆಲದಲ್ಲೇ ಕಟ್ಟಿಕೋ, ನೆಲಕ್ಕೆ ಬಂದೇ ಬಿಚ್ಚು.

ಇಷ್ಟು ಮಾತು ಅವನು ಈಸ್ಟರಿನಿಂದ ಆಡಿರಲಿಲ್ಲ.

ಜಿಂಕೆ ಸಿಗದಿದ್ದರೆ ಮನೆಯಲ್ಲಿ ಸಾಸೇಜಿದೆ.
ಈಗ ಬಿಚ್ಚು, ಮತ್ತೆ ಹಾಕು, ದೀಪ ಆರಿಸುತ್ತೇನೆ.
ನಾಳೆಯೂ ಕತ್ತಲೇ ಇರುತ್ತದೆ.
ಎದೆಯ ಬಕಲು. ಎಡತೊಡೆ. ಬಲತೊಡೆ.
ಟಿಕ್ ಅನ್ನಬೇಕು.
ಇಲ್ಲ, ನನಗೆ ಕೇಳಲಿಲ್ಲ.
ಇನ್ನೊಮ್ಮೆ.