ಕೈಲಾದಷ್ಟು

ಡಿಸೆಂಬರಿನ ಔಲುವಿನಲ್ಲಿ ಬೆಳಿಗ್ಗೆ ಹತ್ತಕ್ಕೂ
ಸೂರ್ಯ ರಜೆಚೀಟಿ ಕಳಿಸುತ್ತಾನೆ.
ರ‍್ಯಾಂಪಿನ ಮೇಲೆ ಮೊಣಕಾಲೆತ್ತರ ಹಿಮ.
ಯಾರ ಮೊಣಕಾಲು ಎಂದು ಕೇಳಬೇಡಿ.
ನಗರಸಭೆಯ ಗಾಡಿ ಬರುವುದು ಮಧ್ಯಾಹ್ನದ ಮೇಲೆ,
ಬಂದರೆ.

ಗಾಲಿಗೆ ಬ್ರೇಕ್ ಹಾಕುತ್ತೇನೆ.
ಬಾಗಿಲ ಹಿಡಿಕೆಗೆ ರಬ್ಬರ್ ಪಟ್ಟಿ ಕಟ್ಟುತ್ತೇನೆ.
ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರೊಳಗೆ
ಒಂದೊಂದೇ ಕಿಟಕಿ:
ಕೆಮಿಯ ತೌನೊ, ತೊಡೆಯ ಮೇಲೆ ಬೆಕ್ಕು, ಇಳಿ ಅಂದರೂ ಇಳಿಯದು;
ರೌಮಾದ ಇರ್ಯಾ, ಮೈಕ್ ಮುಚ್ಚಲು ಎಂದೂ ಕಲಿಯದವಳು,
ಅವಳ ಕಾಫಿ ಕುದಿಯುವುದು ನಮಗೆಲ್ಲ ಕೇಳುತ್ತದೆ;
ಕಲಿಸುವ ಹುಡುಗಿ ಪಿಹ್ಲಾ, ತಾನೂ ಕುರ್ಚಿಯಲ್ಲೇ,
ಎಳೆಗುಲಾಬಿ ಕೈಗವಸು.

ಇಪ್ಪತ್ತೆರಡು ವರ್ಷ ಟಪಾಲು ಹಂಚಿದವಳು ನಾನು,
ಸೈಕಲ್ ಮೇಲೆ, ಇದೇ ಹಿಮದಲ್ಲಿ.
ಆಗ ಎದೆಯ ಯೋಚನೆಯೇ ಇರಲಿಲ್ಲ,
ಕಾಲು ತುಳಿಯುತ್ತಿತ್ತು, ಅದು ಹಿಂದೆ ಬರುತ್ತಿತ್ತು.
ಈಗ ಡಾಕ್ಟರು ಗುಡ್ಡ ಕಣಿವೆಯ ಗೆರೆ ತೋರಿಸಿ
"ಇದಕ್ಕೂ ಕೂರುವ ಚಟ ಹತ್ತಿದೆ" ಅಂದರು.
"ಕೈಲಾದಷ್ಟು ಮಾಡಿ."
ಅದೇ ತಾನೇ ಉಳಿದಿರುವುದು, ಕೈ.

ಗುದ್ದು, ಎಡಕ್ಕೆ. ಗುದ್ದು, ಬಲಕ್ಕೆ.
ಪಟ್ಟಿ ಎಳೆ, ದೋಣಿಗೆ ಹುಟ್ಟು ಹಾಕುವ ಹಾಗೆ.
ನಡುವೆ ಮಾತಾಡಿ, ಅನ್ನುತ್ತಾಳೆ ಪಿಹ್ಲಾ,
ಮಾತು ಬರಬೇಕು, ಹಾಡು ಬರಬಾರದು, ಅದೇ ಅಳತೆ.
ಏದುಸಿರಿನಲ್ಲೇ ತೌನೊ ಬೆಕ್ಕನ್ನು ಬೈಯುತ್ತಾನೆ.
ಅಳತೆ ಸರಿಯಿದೆ.

ಇವತ್ತು ಗಾಳಿ ಜೋರು. ಹನ್ನೊಂದನೆಯ ನಿಮಿಷಕ್ಕೆ
ಪಿಹ್ಲಾಳ ಮುಷ್ಟಿ ಎತ್ತಿದಲ್ಲೇ ನಿಂತಿತು,
ಬಾಯಿ ತೆರೆದೇ ಇದೆ. ಇರ್ಯಾಳ ಕಾಫಿಯೂ ಮೌನ.
ಪರದೆಯಲ್ಲಿ ಅಲುಗುತ್ತಿದ್ದುದು ನನ್ನ ಕೆಂಪು ಮುಖ ಒಂದೇ.
ನಿಲ್ಲಿಸಬಹುದಿತ್ತು. ಯಾರು ನೋಡುತ್ತಾರೆ?
ಎಣಿಸಲು ಒಳಗಿನ ಬಡಿತ ಬಿಟ್ಟರೆ ಬೇರೇನಿಲ್ಲ.
ಹಳೇ ಬೀದಿಗಳನ್ನು ಹಿಡಿದೆ. ಗುದ್ದಿಗೊಂದು ಮನೆ,
ಗುದ್ದಿಗೊಂದು ಟಪಾಲು ಡಬ್ಬಿ,
ನಾಯಿ ಇದ್ದ ಮನೆಗೆ ಎರಡು.

ಹಳದಿ ಗೇಟಿನ ಮನೆಯ ಹತ್ತಿರ ಸಂಪರ್ಕ ಮರಳಿತು.
ನೋಡಿದರೆ
ಒಬ್ಬರೂ ನಿಲ್ಲಿಸಿಲ್ಲ.
ತೌನೊ ಎಡಕ್ಕೆ, ಇರ್ಯಾ ಬಲಕ್ಕೆ, ಪಿಹ್ಲಾ ಎಲ್ಲೋ ನಡುವೆ,
ಯಾರ ತಾಳದಲ್ಲೂ ಯಾರೂ ಇಲ್ಲ.
ಬೆಕ್ಕು ನೆಲದ ಮೇಲೆ, ಮುನಿಸಿಕೊಂಡು.

ಹಿಮದ ಗಾಡಿ ಇನ್ನೂ ಬಂದಿಲ್ಲ.
ಪಟ್ಟಿ ಬಿಚ್ಚುವಾಗ ನೋಡಿದೆ,
ಬಾಗಿಲ ಹಿಡಿಕೆ ಸಡಿಲವಾಗಿದೆ.
ಮನೆ ಮಾಲೀಕರಿಗೆ ಕಾಗದ ಬರೆಯಬೇಕು:
ಕಿತ್ತವಳು ನಾನೇ, ಎಂದು.