ಎ-ಮೂರೂವರೆ

ಮಾರ್ಗಶಿರದಿಂದ ಒಂದೂ ಮೂಗುತಿ ಮಾಡಿಲ್ಲ.
ಬೆಸುಗೆ ಬಿಟ್ಟ ಗೆಜ್ಜೆ, ಕೊಕ್ಕೆ ಸಡಿಲಾದ ಸರ,
ಶೋರೂಮಿನ ಡಬ್ಬಿಯಲ್ಲೇ ಹುಟ್ಟಿದ ಉಂಗುರಕ್ಕೆ
ಬೆರಳಿನ ಅಳತೆ ಕಲಿಸುವುದು,
ಇಷ್ಟೇ. ಐವತ್ತು ರೂಪಾಯಿ, ನೂರು ರೂಪಾಯಿ.

ಅಂಕೋಲೆಯ ಈ ಗಲ್ಲಿಯಲ್ಲಿ ಒಂಬತ್ತು ಅಂಗಡಿ ಟಕಟಕ ಎನ್ನುತ್ತಿದ್ದವು.
ಈಗ ನಾನೊಬ್ಬ ಸುತ್ತಿಗೆ ನಿಲ್ಲಿಸಿದರೆ
ಎದುರಿನ ಮೊಬೈಲ್ ರಿಪೇರಿಯವನು ತಲೆ ಎತ್ತುತ್ತಾನೆ,
ಕರೆಂಟು ಹೋಯಿತೇ ಎಂಬಂತೆ.

ಮಧ್ಯಾಹ್ನ ಮೂರೂಕಾಲಿನ ಕಾರವಾರ ಬಸ್ಸು.
ಮನೆಯಲ್ಲಿ ಹೇಳಿದ್ದು: ಬಿಳಿಗಾರ ತರುವುದಿದೆ.
ನಾಲ್ಕು ದಿನ ಬಿಳಿಗಾರ ತಂದೆ.
ಐದನೆಯ ದಿನ ಸುಲಕ್ಷಣಾ ಕೇಳಿದಳು:
ಇಷ್ಟು ಬಿಳಿಗಾರದಲ್ಲಿ ಯಾವ ಊರನ್ನು ಬೆಸೆಯುತ್ತೀರಿ?

ಆಗ ಹೇಳಿದೆ. ಹಬ್ಬುವಾಡದಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲೆ,
ಹಲ್ಲು ಮಾಡುವ ಒಂದು ಕೋಣೆ.
ಅಲ್ಲೂ ಮೇಣ, ಅಲ್ಲೂ ಮೂಸೆ,
ಕರಗಿದ ಲೋಹ ಅಚ್ಚಿಗೆ ಇಳಿಯುವಾಗ
ಉಸಿರು ಹಿಡಿಯುವ ಅದೇ ಗಳಿಗೆ.
ಕಲಿಸುವವಳು ನಿಖತ್. ಇಪ್ಪತ್ತಾರು ವರ್ಷ.
ಅಂಕಲ್ ಎನ್ನುತ್ತಾಳೆ, ಬಯ್ಯುತ್ತಾಳೆ.

ಸುಲಕ್ಷಣಾ ಕ್ಯಾಲೆಂಡರಿನ ಕಳೆದ ತಿಂಗಳನ್ನು ಹರಿದು
ಅದರ ಬೆನ್ನಿಗೆ ಲೆಕ್ಕ ಬರೆದಳು.
ಅಂಗಡಿ ಬಾಡಿಗೆ ಉಳಿದರೆ ಇಷ್ಟು, ಬಸ್ ಪಾಸಿಗೆ ಇಷ್ಟು,
ಕಲಿಯುವ ಆರು ತಿಂಗಳು ಕೈಗೆ ಎಂಟು ಸಾವಿರ,
ಮಗಳ ನರ್ಸಿಂಗ್ ಫೀಸು
ಅಲ್ಲಿ ಪೆನ್ನು ನಿಂತಿತು.
ತನ್ನ ಬಳೆ ನೋಡಿಕೊಂಡಳು. ನಾನೇ ಮಾಡಿದ್ದು.
ತೂಕ ಇಬ್ಬರಿಗೂ ಗೊತ್ತು.
ಇಬ್ಬರೂ ಹೇಳಲಿಲ್ಲ.

ದೊಡ್ಡಪ್ಪ ಮಾತ್ರ ಹೇಳಿದರು:
ದೇವರ ಕೊರಳಿಗೆ ಮಾಡಿದ ಕೈ, ಕಂಡವರ ಎಂಜಲಿಗೆ ಇಡುತ್ತೀಯಾ?
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು
ಗಿರಾಕಿಗಳು ನನ್ನ ಬೆರಳನ್ನೇ ಕಾದರು, ಮೂವತ್ತೊಂದು ವರ್ಷ.
ಅಲ್ಲಿ ಯಾರೂ ಕಾಯುವುದಿಲ್ಲ ದೊಡ್ಡಪ್ಪ,
ದವಡೆಹಲ್ಲು ಕದ್ದು ಯಾರಿಗೆ ಮಾರಲಿ?
ನಕ್ಕೆ. ಅವರು ನಗಲಿಲ್ಲ.
ರಾತ್ರಿ ಎರಡರ ತನಕ ನನಗೂ ಆ ನಗು ಉಳಿಯಲಿಲ್ಲ.

ಸಾಬೂನಿನಲ್ಲಿ ಕೆತ್ತುತ್ತೇನೆ ಈಗ.
ಬಚ್ಚಲಲ್ಲಿ ಮಗಳು ಚೀರಿದಳು:
ಅಪ್ಪಾ, ಸೋಪಿನ ಪೆಟ್ಟಿಗೆಯಲ್ಲಿ ಯಾರದೋ ಹಲ್ಲು!

ಬಸ್ಸಿನಲ್ಲಿ ಬಾಯಿಗಳನ್ನೇ ನೋಡುತ್ತೇನೆ.
ಅವರ್ಸೆಯಲ್ಲಿ ಹತ್ತುವ ಮೀನುಬುಟ್ಟಿಯ ಹೆಂಗಸು
ಎಲೆ ಅಡಿಕೆ ಎಡಗಡೆಗೆ ಮಾತ್ರ ಅಗಿಯುತ್ತಾಳೆ.
ಕಂಡಕ್ಟರನ ಕೋರೆ ಸವೆದದ್ದು ಸೀಟಿ ಕಚ್ಚಿ.
ಬಿಣಗಾ ದಾಟಿ ಕಡಲು ಕಂಡಾಗ
ಎಲ್ಲರ ಕತ್ತು ಕಿಟಕಿಗೆ ತಿರುಗಿತು,
ನಾನು ಎದುರು ಸೀಟಿನ ಆಕಳಿಕೆಯೊಳಗೆ ಇದ್ದೆ.

ನನ್ನ ಮೊದಲ ಮೇಣದ ಹಲ್ಲನ್ನು ನಿಖತ್ ಬೆಳಕಿಗೆ ಹಿಡಿದಳು.
ತುಂಬಾ ಚೆಂದ ಅಂಕಲ್. ಹಲ್ಲಿನ ಹಾಗಿಲ್ಲ.
ಪಕ್ಕದವನ್ನು ನೋಡಿ, ಎಷ್ಟು ಸವೆದಿವೆ.
ನಿಮ್ಮದು ಮದುವೆ ಮನೆಗೆ ಹೊರಟ ಹಾಗಿದೆ.
ಐವತ್ತು ವರ್ಷ ಗಂಜಿ, ಒಣಮೀನು, ಸಿಟ್ಟು, ಎಲ್ಲ ಅಗಿದ ಹಾಗೆ ಮಾಡಿ.

ಮಿಂಚಿಸಲು ಕಲಿತ ಕೈ.
ಮಂಕು ಮಾಡುವುದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ.
ಮೂರು ಸಲ ಕರಗಿಸಿದೆ.

ಬಿಳಿಯಲ್ಲೂ ಹದಿನಾರು ಬಿಳಿ ಅವಳ ಬಳಿ,
ಬಾಚಣಿಕೆಯ ಹಾಗೆ ಸಾಲಾಗಿ.
ಒಂದೊಂದನ್ನೇ ನನ್ನ ತುಟಿಯ ಹತ್ತಿರ ಹಿಡಿದು, ತೆಗೆದು,
ಎ-ಮೂರೂವರೆ, ಎಂದಳು.
ಎಷ್ಟೋ ಚಿನ್ನವನ್ನು ಒರೆಗೆ ಹಚ್ಚಿದ್ದೇನೆ,
ನನ್ನನ್ನು ಹಚ್ಚಿ ನೋಡಿದವರಿರಲಿಲ್ಲ.

ನಿನ್ನೆ ಹುಬ್ಬಳ್ಳಿಯ ಹಜರತ್‌ಸಾಬ ಬಂದಿದ್ದ,
ವರ್ಷಕ್ಕೊಮ್ಮೆ ಅಂಗಡಿಯ ಕಸ ಕೊಂಡು
ತೊಳೆದು ಚಿನ್ನ ತೆಗೆಯುವವನು.
ಮಣೆ ಎತ್ತಿದೆ. ಗೋಣಿತಾಟು ಕೊಡವಿದೆ.
ಕಂಬಚ್ಚನ್ನು ಮಾರಿ ಬಿಡಿ ಎಂದ, ಒಳ್ಳೆಯ ಬೆಲೆ ಹೇಳಿದ.
ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.
ಅಪ್ಪ ಕೂತಿದ್ದ ಮೂಲೆಯನ್ನು ಗುಡಿಸಲಿಲ್ಲ.
ಎರಡು ಗುಲಗಂಜಿ ಸಿಕ್ಕೀತು ಅಲ್ಲಿ, ಹೆಚ್ಚಿಲ್ಲ.
ಅವನಿಗೂ ಗೊತ್ತಿತ್ತು, ಸುಮ್ಮನೆ ಪೊರಕೆ ಗೋಡೆಗೆ ಒರಗಿಸಿದ.

ಕೀಲಿಕೈ ಸೋಮವಾರ ಕೊಡಬೇಕು.
ನಾಲಗೆ ತಾನಾಗಿ ಹಿಂದಿನ ದವಡೆಗೆ ಹೋಗುತ್ತದೆ,
ಎಣಿಸುತ್ತದೆ,
ಖಾಲಿ ಇರುವಲ್ಲಿ ನಿಲ್ಲುತ್ತದೆ.